ಒತ್ತಿದರೆ ಮಾತು, ಬಿಟ್ಟರೆ ಕಿವಿ

ಭದ್ರಾವತಿಯ ನ್ಯೂ ಟೌನಿನಲ್ಲಿ ಕೋಳಿ ಕೂಗಿದರೆ ಯಾರೂ ಏಳುತ್ತಿರಲಿಲ್ಲ, ಕಾರ್ಖಾನೆಯ ಸೈರನ್ ಕೂಗಬೇಕಿತ್ತು, ಆಗಿನ ಮಾತಿದು. ಚೀನಾ ಯುದ್ಧ ಮುಗಿದು ಒಂದು ಮಳೆಗಾಲ ಕಳೆದಿತ್ತು. ಸೈನ್ಯ ಎಂದರೆ ಸಾಕು, ನಮಗೆಲ್ಲ ಮೈ ಜುಂ ಎನ್ನುತ್ತಿತ್ತು. ಹುಡುಗರು ಹೊಂಗೆ ಕೋಲನ್ನೇ ಬಂದೂಕು ಮಾಡಿಕೊಂಡು ಒಣಗಿದ ಚರಂಡಿಯಲ್ಲಿ ಮಲಗಿ ಯುದ್ಧ ಮಾಡುತ್ತಿದ್ದರು. ಹುಡುಗಿಯರಿಗೆ ಅದರಲ್ಲಿ ಸಿಗುತ್ತಿದ್ದುದು ಗಾಯಕ್ಕೆ ಬಟ್ಟೆ ಕಟ್ಟುವ ಕೆಲಸ ಮಾತ್ರ. ಅಂಥ ಸೈನ್ಯ ನನಗೆ ಬೇಡವೆಂದು ನಾನು ಸೇರಿರಲಿಲ್ಲ. ನನಗೆ ಆಗ ಹನ್ನೆರಡು ವರ್ಷ, ಅಣ್ಣ ಬಸವರಾಜನಿಗೆ ಹದಿನಾಲ್ಕು.

ನಮ್ಮಪ್ಪನಿಗೆ ಕಿವಿ ಮಂದ. ಚಿಕ್ಕಂದಿನಲ್ಲಿ ಬಂದ ಜ್ವರ ಎಡಗಿವಿಯನ್ನು ಪೂರ್ತಿ, ಬಲಗಿವಿಯನ್ನು ಅರ್ಧ ತಿಂದುಹಾಕಿತ್ತು. ಕಬ್ಬಿಣದ ಕಾರ್ಖಾನೆಯಲ್ಲಿ ಅವನು ಎರಕಕ್ಕೆ ಬೇಕಾದ ಮರದ ಅಚ್ಚು ಕೆತ್ತುತ್ತಿದ್ದ. ಅವನೊಡನೆ ಮಾತಾಡಲು ನಮ್ಮ ಮನೆಯಲ್ಲಿ ಒಂದು ಪದ್ಧತಿಯಿತ್ತು. ಮೊದಲು ಅವನ ತೋಳಿನ ಮೇಲೆ ಕೈಯಿಡಬೇಕು. ಕೈ ಇರುವಷ್ಟು ಹೊತ್ತು ಮಾತು ನಮ್ಮದು. ನಾಲ್ಕೈದು ಪದ ಬಿಡಿಬಿಡಿಯಾಗಿ ಹೇಳಿ ಕೈ ತೆಗೆಯಬೇಕು. ಅಪ್ಪ ಅದನ್ನು ಹಾಗೇ ತಿರುಗಿ ಹೇಳಿ "ಸರಿನಾ?" ಎಂದು ಕೇಳುತ್ತಿದ್ದ. ನಾವು "ಸರಿ" ಎಂದಮೇಲೆ ಮುಂದಿನ ಮಾತು. ಕಿರುಚುವಂತಿಲ್ಲ, ಕಿರುಚಿದರೆ ಸದ್ದು ಮಾತ್ರ ಬರುತ್ತದೆ, ಮಾತು ಬರುವುದಿಲ್ಲ ಎನ್ನುತ್ತಿದ್ದ. ಇಬ್ಬರು ಒಟ್ಟಿಗೆ ಬಾಯಿ ತೆರೆದರಂತೂ ಅವ್ವನ ಸೌಟು ಬೀಳುತ್ತಿತ್ತು.

ಮನೆಯ ಅಭ್ಯಾಸ ಶಾಲೆಯಲ್ಲೂ ಬಿಡಲಿಲ್ಲ. ಯಾರು ಏನು ಹೇಳಿದರೂ ನಾನು ತಿರುಗಿ ಹೇಳಿ "ಸರಿನಾ?" ಅನ್ನುತ್ತಿದ್ದೆ. ಗಿರಿಜ ಹೋಗಿ ಗಿಳಿ ಆದೆ. ನನ್ನ ಕಿವಿಗೆ ಬೀಳುವಂತೆಯೇ "ಕಿವುಡಪ್ಪನ ಗಿಳಿ" ಎನ್ನುತ್ತಿದ್ದರು. ನನಗೆ ಕೋಪ ಬರುತ್ತಿತ್ತು, ಅದಕ್ಕಿಂತ ಹೆಚ್ಚು ನಾಚಿಕೆ. ಸುಳ್ಳೇಕೆ ಹೇಳಲಿ, ಶಾಲೆಯ ಸಮಾರಂಭಕ್ಕೆ ಅಪ್ಪ ಬಾರದಿದ್ದರೆ ಒಳ್ಳೆಯದು ಎಂದು ಎಷ್ಟೋ ಸಲ ಬೇಡಿಕೊಂಡಿದ್ದೇನೆ.

ಇನ್ನೊಂದು ಸಂಗತಿ ಅವ್ವ ಗುಟ್ಟಾಗಿ ಹೇಳಿದ್ದಳು. ಮದುವೆಗೆ ಮುಂಚೆ ಅಪ್ಪ ಸೈನ್ಯ ಸೇರಲು ಶಿವಮೊಗ್ಗದ ಮೈದಾನಕ್ಕೆ ಹೋಗಿದ್ದನಂತೆ. ಓಟದಲ್ಲಿ ಗೆದ್ದ, ಎದೆಯಳತೆಯಲ್ಲಿ ಗೆದ್ದ. ಕೊನೆಗೆ ಡಾಕ್ಟರು ಬೆನ್ನ ಹಿಂದೆ ನಿಂತು ಹೆಸರು ಹಿಡಿದು ಕರೆದರೆ ಅಪ್ಪ ತಿರುಗಿಯೇ ನೋಡಲಿಲ್ಲ. ಅಂದಿನಿಂದ ಆ ಮೈದಾನದ ಕಡೆ ಕಾಲಿಟ್ಟವನಲ್ಲ.

ದಸರೆ ರಜೆ ಮುಗಿದ ವಾರ ಶಾಲೆಗೆ ಮಿಲಿಟರಿ ಲಾರಿ ಬಂತು. ಒಬ್ಬರು ಹವಾಲ್ದಾರರು ಎರಡು ಹಸಿರು ಪೆಟ್ಟಿಗೆ ಇಳಿಸಿದರು. ಒಂದೊಂದೂ ಉದ್ದಕ್ಕೆ ಜೋಡಿಸಿದ ಎರಡು ಇಟ್ಟಿಗೆಯಷ್ಟು. ತಲೆಯ ಮೇಲೆ ಎಳೆದರೆ ಉದ್ದವಾಗುವ ಕಡ್ಡಿ, ಪಕ್ಕದಲ್ಲಿ ಒತ್ತುವ ಗುಂಡಿ. ಕ್ಯಾನ್ವಾಸಿನ ಪಟ್ಟಿಗೆ ಬೆವರಿನ, ಬಿಸಿ ಕಬ್ಬಿಣದ ವಾಸನೆ. ಗಡಿಯಲ್ಲಿ ಜವಾನರು ಗುಡ್ಡದಿಂದ ಗುಡ್ಡಕ್ಕೆ ಮಾತಾಡುವ ವಾಕಿಟಾಕಿ ಇದೇ ಎಂದರು. ಬೆಂಕಿಪೊಟ್ಟಣಕ್ಕೆ ದಾರ ಕಟ್ಟಿ ಫೋನು ಆಡುತ್ತಿದ್ದ ನಾವು ಉಸಿರು ಹಿಡಿದು ನಿಂತೆವು.

ಅವರೊಂದು ಪಂದ್ಯ ಇಟ್ಟರು. ಜೋಡಿಯಲ್ಲಿ ಒಬ್ಬರು ಶಾಲೆಯ ಅಂಗಳದಲ್ಲಿ, ಇನ್ನೊಬ್ಬರು ಭದ್ರಾ ಹೊಳೆಯ ಆಚೆ ದಡದಲ್ಲಿ. ಚೀಟಿಯಲ್ಲಿದ್ದ ಸುದ್ದಿಯನ್ನು ಇಲ್ಲಿಂದ ಹೇಳಬೇಕು, ಅಲ್ಲಿ ಅಕ್ಷರ ತಪ್ಪದೆ ಬರೆಯಬೇಕು. ಗೆದ್ದ ಜೋಡಿ ಭಾನುವಾರ ಲಾರಿಯಲ್ಲಿ ಶಿವಮೊಗ್ಗಕ್ಕೆ ಹೋಗಿ ಊರೆಲ್ಲ ಸೇರುವ ಪ್ರದರ್ಶನದಲ್ಲಿ ಮಾಡಿ ತೋರಿಸಬೇಕು. ಯಾವ ಮೈದಾನದಲ್ಲಿ ಎಂದು ನಾನೇ ಕೇಳಿದೆ. ಅದೇ ಮೈದಾನ. ಗೆದ್ದರೆ ಅಪ್ಪನನ್ನು ಅಲ್ಲಿಗೆ ಕರೆದೊಯ್ಯಲೇಬೇಕು ಅನ್ನಿಸಿತು.

ಹುಡುಗಿಯರಿಗೆ ಇದೆಲ್ಲ ಯಾಕೆ ಎಂದು ಮೇಷ್ಟ್ರು ರಾಗ ಎಳೆದರು.

"ಇದಕ್ಕೆ ಮೀಸೆ ಬೇಕಾಗಿಲ್ಲ ಸಾರ್," ಎಂದರು ಹವಾಲ್ದಾರರು. ಆಮೇಲೆ ನಮ್ಮ ಕಡೆ ತಿರುಗಿ, "ಒತ್ತಿದ್ರೆ ಮಾತು, ಬಿಟ್ರೆ ಕಿವಿ. ಇಷ್ಟೇ ಪಾಠ," ಎಂದರು.

ಮೊದಲು ನಿಂತವನು ಪ್ರಭಾಕರ, ನಮ್ಮ ಶಾಲೆಯ ಭಾಷಣದ ಹುಲಿ. ಹೊಳೆಯ ಆಚೆಯವರನ್ನು ಕೂಗಿ ಕರೆದು ಅಭ್ಯಾಸವಿದ್ದ ಊರು ನಮ್ಮದು. ದೂರ ಹೆಚ್ಚಿದಷ್ಟೂ ಗಂಟಲು ಹೆಚ್ಚಬೇಕು ಎನ್ನುವುದು ಎಲ್ಲರ ತಿಳುವಳಿಕೆ. ಅವನು ಕಿರುಚಿದ ರಭಸಕ್ಕೆ ಮರದ ಮೇಲಿನ ಕಾಗೆಗಳು ಹಾರಿದವು. ಗುಂಡಿ ಒತ್ತಿದವನು ಬಿಡಲೇ ಇಲ್ಲ. ಆಚೆಯವನು ಮತ್ತೆ ಹೇಳು ಎಂದು ಬೇಡಿಕೊಳ್ಳುತ್ತಿದ್ದುದು ಇವನಿಗೆ ಕೇಳುವುದಾದರೂ ಹೇಗೆ? ಆಚೆಗೆ ಹೋದದ್ದು ಬರೀ ಗೊರಗೊರ. ಅವನ ಹಿಂದೆ ಬಂದ ಆರು ಜೋಡಿಯದೂ ಅದೇ ಕಥೆ.

ಅಣ್ಣ ನನ್ನನ್ನು ಜೋಡಿಯಾಗಿ ಆರಿಸಿದಾಗ ಅವನ ಗೆಳೆಯರು ನಕ್ಕರು. ಅವನು ಸೈಕಲ್ ಹತ್ತಿ ಸೇತುವೆ ದಾಟಿ ಹೋದ.

ಪೆಟ್ಟಿಗೆ ಕೈಗೆ ಬಂದಾಗ ತೂಕಕ್ಕೆ ತೋಳು ಜಗ್ಗಿತು. ಹೆಬ್ಬೆರಳಿಗೆ ಗುಂಡಿ ಸಿಕ್ಕ ಕೂಡಲೇ ನನಗೆ ಅರ್ಥವಾಗಿಹೋಯಿತು. ಇದು ಅಪ್ಪನ ತೋಳು. ಒತ್ತಿದೆ. "ಗುಡ್ಡದ ಬಲಕ್ಕೆ ಹನ್ನೆರಡು ಜನ" ಎಂದೆ, ಮನೆಯಲ್ಲಿ ಹೇಳುವಷ್ಟೇ ದನಿಯಲ್ಲಿ. ಬಿಟ್ಟೆ. ಒಂದು ಗಳಿಗೆ ಸುರ್ ಎಂಬ ಸದ್ದು. ಆಮೇಲೆ ಅಣ್ಣನ ದನಿ, "ಗುಡ್ಡದ ಬಲಕ್ಕೆ ಹನ್ನೆರಡು ಜನ. ಸರಿನಾ?" ಒತ್ತಿ "ಸರಿ" ಎಂದೆ. ಎರಡು ಜೀಪು, ಮುರಿದ ಸೇತುವೆ, ನಾಲ್ಕು ಗಂಟೆಗೆ ರೊಟ್ಟಿ ಕಳಿಸಿ ಎನ್ನುವವರೆಗೂ ಹೀಗೇ ನಡೆಯಿತು. ಅಂಗಳದಲ್ಲಿ ಯಾರೂ ನಗುತ್ತಿರಲಿಲ್ಲ. ಅಣ್ಣ ತಂದ ಕಾಗದವನ್ನು ಚೀಟಿಯ ಪಕ್ಕ ಹಿಡಿದು ನೋಡಿದ ಹವಾಲ್ದಾರರು ಟೋಪಿ ತೆಗೆದರು.

"ಇದನ್ನ ನಾವು ಹೊಸ ಜವಾನರಿಗೆ ತಿಂಗಳುಗಟ್ಲೆ ಕಲಿಸ್ತೀವಿ. ನಿಮಗೆ ಯಾರಮ್ಮ ಕಲಿಸಿದ್ದು?"

"ನಮ್ಮಪ್ಪ."

"ಮಿಲಿಟರಿಲಿದ್ರಾ?"

"ಇಲ್ಲ ಸಾರ್. ಕಿವಿ ಕೇಳಲ್ಲ ಅಂತ ತಗೊಳ್ಳಲಿಲ್ಲ," ಎಂದೆ. ಇಡೀ ಶಾಲೆಯ ಮುಂದೆ ಹಾಗೆ ಹೇಳುವಾಗ ನನಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ.

ಭಾನುವಾರ ಅಪ್ಪ ಬರುವುದಿಲ್ಲ ಎಂದು ಹಟ ಹಿಡಿದ. ಅವ್ವ ಇಸ್ತ್ರಿ ಮಾಡಿದ ಅಂಗಿಯನ್ನು ಅವನ ತೊಡೆಯ ಮೇಲೆ ಹಾಕಿ, ತೋಳಿನ ಮೇಲೆ ಕೈಯಿಟ್ಟು, "ಮಕ್ಕಳು ಗೆದ್ದಿರೋದು ನಿಮ್ಮಿಂದ" ಎಂದು ಕೈ ತೆಗೆದಳು. ಅಪ್ಪ ಅದನ್ನು ತಿರುಗಿ ಹೇಳಲು ಹೋಗಿ ಅರ್ಧಕ್ಕೇ ನಿಲ್ಲಿಸಿ, ಎದ್ದು ಅಂಗಿ ತೊಟ್ಟ.

ಶಿವಮೊಗ್ಗದ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಖಾರ ಮಂಡಕ್ಕಿ, ಸುಟ್ಟ ಶೇಂಗಾದ ಘಮ. ನಾನು ಈ ತುದಿಯಲ್ಲಿ, ಅಣ್ಣ ಆ ತುದಿಯಲ್ಲಿ. ಸುದ್ದಿ ಒಂದಕ್ಷರ ತಪ್ಪದೆ ಮುಟ್ಟಿತು, ಚಪ್ಪಾಳೆ ನಿಲ್ಲಲೇ ಇಲ್ಲ. ಆಗ ಹವಾಲ್ದಾರರು ಆ ತುದಿಗೆ ನಡೆದುಹೋಗಿ, ಜನರ ನಡುವೆ ನಿಂತಿದ್ದ ಅಪ್ಪನ ಕೈ ಹಿಡಿದು ಕರೆತಂದರು. ಅಣ್ಣನ ಕೈಲಿದ್ದ ಪೆಟ್ಟಿಗೆಯನ್ನು ಅಪ್ಪನಿಗೆ ಕೊಟ್ಟರು. ಅಪ್ಪ ಅದನ್ನು ಬಲಗಿವಿಗೆ ಒತ್ತಿ ಹಿಡಿದದ್ದು ನನಗೆ ಅಷ್ಟು ದೂರದಿಂದಲೂ ಕಂಡಿತು. ಗುಂಡಿ ಒತ್ತಿದೆ.

"ಅಪ್ಪ, ನಾವು ಗೆದ್ವಿ."

ಬಿಟ್ಟೆ. ಎಷ್ಟು ಹೊತ್ತಾದರೂ ಬರೀ ಸುರ್ ಸದ್ದು. ಕೇಳಲಿಲ್ಲವೇನೋ ಎಂದು ಮತ್ತೆ ಹೇಳಲು ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟೆ. ಆಮೇಲೆ ಬಂತು, ಒಡೆದ ದನಿಯಲ್ಲಿ.

"ಅಪ್ಪ, ನಾವು ಗೆದ್ವಿ. ಸರಿನಾ?"

ಸರಿ ಎಂದು ನಾನು ಕಿರುಚಿಯೇಬಿಟ್ಟೆ. ಮನೆಯ ಕಾನೂನು ಮುರಿದದ್ದು ಅದೊಂದೇ ಸಲ.

ಹಿಂತಿರುಗುವಾಗ ಲಾರಿಯಲ್ಲಿ ಅಪ್ಪ ಮುಂದಿನ ಸೀಟಿನಲ್ಲಿ, ಹವಾಲ್ದಾರರ ಪಕ್ಕದಲ್ಲಿ ಕೂತಿದ್ದ. ನ್ಯೂ ಟೌನಿನ ಪ್ರತಿ ತಿರುವಿನಲ್ಲೂ ಜನ ನೋಡಲಿ ಎಂದು ಹೊರಗೆ ಕೈ ಹಾಕಿದ್ದ. ಗಿಳಿ ಎಂಬ ಹೆಸರು ಆಮೇಲೂ ಉಳಿಯಿತು. ಕರೆದರೆ ನಾನು ತಲೆಯೆತ್ತಿ ಓಗೊಡುತ್ತಿದ್ದೆ.

ಈಗ ನಮ್ಮ ಮನೆಯಲ್ಲಿ ಆರು ಫೋನುಗಳಿವೆ, ಒಂದೂ ಅಂಗೈಗಿಂತ ದೊಡ್ಡದಲ್ಲ. ಎಲ್ಲರೂ ಒತ್ತಿಯೇ ಇರುತ್ತಾರೆ, ಬಿಡುವವರಿಲ್ಲ. ಮೊಮ್ಮಗಳು ಹೇಳಿದ್ದನ್ನು ತಿರುಗಿ ಹೇಳಿ "ಸರಿನಾ?" ಎಂದರೆ ಅಜ್ಜಿಗೆ ಕಿವಿ ಮಂದವಾಯಿತು ಎನ್ನುತ್ತಾರೆ. ನನ್ನ ಕಿವಿ ಚೆನ್ನಾಗಿದೆ. ನನ್ನ ಮಾತನ್ನು ಒಂದಕ್ಷರ ಬಿಡದೆ ತಿರುಗಿ ಹೇಳುತ್ತಿದ್ದವನೊಬ್ಬ ಇದ್ದ. ಅವನು ಹೋದಮೇಲೆ ಅಷ್ಟು ಗಮನವಿಟ್ಟು ನನ್ನ ಮಾತು ಇನ್ನಾರೂ ಕೇಳಿಸಿಕೊಂಡಿಲ್ಲ.