ಹೊಸ ಅಕ್ಕಿಯ ದಿನ ಸೈಕಲಿನಲ್ಲಿ ಮನೆಗೆ

ಬರವಣಿಗೆ ನನಗೆ ಒಲಿದ ವಿದ್ಯೆಯಲ್ಲ. ನಮ್ಮ ಮನೆಯಲ್ಲಿ ಕಾಲೇಜಿಗೆ ಹೋದವರಲ್ಲಿ ನಾನೇ ಮೊದಲಿಗ. ವಾಕ್ಯ ತಪ್ಪಿದರೆ ತಿದ್ದುವವರು ಮನೆಯಲ್ಲಿರಲಿಲ್ಲ. ಈ ನಿರೂಪಣೆಯಲ್ಲಿ ಕುಂದು ಕಂಡರೆ ಓದುವವರು ದಯವಿಟ್ಟು ಮನ್ನಿಸಬೇಕು.

ಅರುವತ್ತರ ದಶಕದ ಆರಂಭದ ಒಂದು ಆಶ್ವಯುಜ ಮಾಸ. ಬಿ.ಎ. ಮುಗಿಸಿದ ನಾವು ನಾಲ್ವರು ಬೇಲೂರು, ಹಳೇಬೀಡುಗಳನ್ನು ಸೈಕಲಿನಲ್ಲಿ ನೋಡಿಕೊಂಡು ಮರಳುತ್ತಿದ್ದೆವು. ಇಬ್ಬರು ಬಂಟ್ವಾಳ ಪೇಟೆಯವರು. ಮೂರನೆಯವನು ಶಿರ್ತಾಡಿಯ ಬಳಿಯ ನಮ್ಮ ಧಣಿಗಳ ಮಗ. ಅವರ ಗದ್ದೆಯನ್ನೇ ನನ್ನ ತಂದೆ ಗೇಣಿಗೆ ಮಾಡುತ್ತಿದ್ದರು.

ಚಾರ್ಮಾಡಿ ಘಾಟಿಯಲ್ಲಿ ಬ್ರೇಕನ್ನು ನಂಬಲಾಗದೆ, ಪ್ರತಿ ಸೈಕಲಿನ ಹಿಂದೆ ಸೊಪ್ಪಿನ ಕೊಂಬೆಯೊಂದನ್ನು ಕಟ್ಟಿ ಎಳೆದುಕೊಂಡು ಇಳಿದೆವು. ಒಂದು ತಿರುವಿನಲ್ಲಿ ಮಂಜು ಸರಿಯಿತು. ಕೆಳಗೆ ಬೆಳ್ತಂಗಡಿಯ ಕಡೆಗೆ ಮುಗಿಯದ ಕಾಡು, ನಡುನಡುವೆ ಹಳದಿಗೆ ತಿರುಗಿದ ಗದ್ದೆಗಳು, ಅವುಗಳಾಚೆ ಸಮುದ್ರವೋ ಆಕಾಶವೋ ಹೇಳಲಾಗದ ಬೆಳಕು. ನಾನು ಹುಟ್ಟಿದ ನಾಡು ಇಷ್ಟು ವಿಶಾಲವೆಂದು ಅಲ್ಲಿಯವರೆಗೆ ನನಗೆ ತಿಳಿದಿರಲಿಲ್ಲ.

ಮರುದಿನ ನಮ್ಮ ಮನೆಯಲ್ಲಿ ಹೊಸ ಬೆಳೆಯ ಅನ್ನವನ್ನು ಮೊದಲು ಉಣ್ಣುವ ಹಬ್ಬ, ಹೊಸ ಅಕ್ಕಿ ಊಟ. ಮೂವರನ್ನೂ ಕರೆದಿದ್ದೆ. ಧಣಿಗಳ ಮಗನೂ ಬರುತ್ತೇನೆಂದಾಗ ಸಂತೋಷಕ್ಕಿಂತ ಭಯವೇ ಹೆಚ್ಚಾಯಿತು. ಮನೆಯ ಹಿರಿಯರು ಮೊದಲು ಕುಳಿತು, ಉಳಿದವರು ಒಬ್ಬೊಬ್ಬರಾಗಿ ಅವರ ಅಪ್ಪಣೆ ಕೇಳಿ ಹೊಸ ಅನ್ನವನ್ನು ಬಾಯಿಗಿಡುವುದು ನಮ್ಮ ಕ್ರಮ. ಆದರೆ ಧಣಿಗಳ ಮನೆಯವರ ಎದುರು ತಂದೆ ಎಂದೂ ಕುಳಿತವರಲ್ಲ. ತಮ್ಮ ಮನೆಯ ಹಬ್ಬದಲ್ಲೇ ಅವರು ಅಂಗಳದಲ್ಲಿ ನಿಂತುಬಿಟ್ಟರೆ? ವೇಣೂರು, ನಾರಾವಿಗಳನ್ನು ದಾಟುವಾಗ ನನಗೆ ಅದೊಂದೇ ಚಿಂತೆ.

ನಾನು ಹೆದರಿದಂತೆಯೇ ಆಯಿತು. ಜಗಲಿಯಲ್ಲಿ ಎಲೆ ಹಾಕಿದ್ದರೂ ತಂದೆ ಬೈರಾಸು ವಸ್ತ್ರವನ್ನು ಹೆಗಲಿನಿಂದಿಳಿಸಿ ಅಂಗಳದಲ್ಲೇ ನಿಂತರು.

"ಸಣ್ಣ ಧಣಿಗಳು ಊಟ ಮಾಡಬೇಕು. ನಾವು ಆಮೇಲೆ ಮಾಡ್ತೇವೆ" ಎಂದರು.

ಧಣಿಗಳ ಮಗ ಎಲೆಯ ಮುಂದಿನಿಂದ ಎದ್ದು ನಿಂತ. "ಹಿರಿಯರು ಕೂತುಕೊಳ್ಳದೆ ಹೊಸ ಅಕ್ಕಿ ಉಣ್ಣುವ ಕ್ರಮ ಉಂಟಾ? ನಮ್ಮಲ್ಲಿ ಇಲ್ಲ."

"ನಿಮ್ಮ ಹಿರಿಯರು ಅಲ್ಲಿದ್ದಾರಲ್ಲ, ನಿಮ್ಮ ಮನೆಯಲ್ಲಿ."

"ಇವತ್ತು ನನ್ನ ಎಲೆ ಇಲ್ಲಿ ಉಂಟು."

ಇಬ್ಬರೂ ನಿಂತೇ ಇದ್ದರು. ಅನ್ನ ಆರುತ್ತಿತ್ತು. ಬಂಟ್ವಾಳದವನೊಬ್ಬ ನನ್ನತ್ತ ಬಾಗಿ, "ಘಾಟಿ ಇಳಿದದ್ದೇ ಸುಲಭ ಮಾರಾಯ, ನಿನ್ನ ಅಪ್ಪ ಈ ಜಗಲಿ ಹತ್ತುವ ಹಾಗೆ ಕಾಣುವುದಿಲ್ಲ" ಎಂದ. ಪಿಸುಮಾತಾದರೂ ಎಲ್ಲರಿಗೂ ಕೇಳಿಸಿತು. ಒಳಗಿನಿಂದ ತಾಯಿ ನಕ್ಕರು. ತಂದೆಯೂ ನಗು ತಡೆಯಲಾರದೆ ಕಾಲು ತೊಳೆದು ಮೇಲೆ ಬಂದು ಕುಳಿತರು.

ಮೊದಲು ನಾನು ಅಪ್ಪಣೆ ಕೇಳಿದೆ. ಅನಂತರ ಧಣಿಗಳ ಮಗ ತಂದೆಯ ಕಡೆ ತಿರುಗಿ, ತಲೆ ತಗ್ಗಿಸಿ, "ಹೊಸ ಅಕ್ಕಿ ಉಣ್ತೇನೆ" ಎಂದ. ತಂದೆಯ ಕೈ ಎಲೆಯ ಮೇಲೆಯೇ ನಿಂತಿತು. ಉಳುವವರ ಮಗನಾಗಿ ಹುಟ್ಟಿ, ಬೇರೆಯವರ ಅಪ್ಪಣೆಗಳನ್ನೇ ಕಾಯುತ್ತ ಬಂದ ಅವರ ಅಪ್ಪಣೆಗೆ ಈಗ ಧಣಿಗಳ ಮನೆಯವನೇ ಕಾಯುತ್ತಿದ್ದ. ಹಿಂದಿನ ದಿನ ಘಾಟಿಯ ತಿರುವಿನಲ್ಲಿ ಆದುದಕ್ಕಿಂತಲೂ ದೊಡ್ಡ ವಿಸ್ಮಯ ನನಗೆ ಆಗ ಆಯಿತು.

"ಆಗಲಿ, ಉಣ್ಣಿ" ಎಂದರು ತಂದೆ, ಬಹಳ ಮೆಲ್ಲಗೆ.

ಆ ವರ್ಷ ಗೇಣಿಯ ಅಕ್ಕಿ ಒಪ್ಪಿಸಲು ಹೋದಾಗ ತಂದೆ ಧಣಿಗಳ ಚಾವಡಿಯ ಬೆಂಚಿನಲ್ಲಿ ಕುಳಿತರು. ಹಿರಿಯ ಧಣಿಗಳಿಗೆ ಅದು ಹಿಡಿಸಿತೋ ಇಲ್ಲವೋ ತಿಳಿಯದು. ಎದ್ದೇಳೆಂದು ಅವರು ಹೇಳಲಿಲ್ಲ. ಅನಂತರ ನಮ್ಮ ಮನೆಯವರು ಯಾರೂ ಧಣಿಗಳ ಅಂಗಳದಲ್ಲಿ ನಿಂತುಕೊಂಡು ಮಾತನಾಡಲಿಲ್ಲ; ಚಾವಡಿಯಲ್ಲಿ ಕುಳಿತೇ ಮಾತನಾಡಿದರು.