ಬಾಲ ಮೂಸುವ ಕುದುರೆ

ಲೈಬ್ರರಿಯ ಹಿಂಬದಿಯ ಕೋಣೆಯಲ್ಲಿ ಮೂವತ್ತೊಂದು ವರ್ಷದಿಂದ ಹರಿದ ಪುಸ್ತಕ ಹೊಲಿಯುವವಳನ್ನು ಎಲ್ಲರೂ ಬೈಂಡರಕ್ಕ ಅಂತಲೇ ಕರೆಯೋದು. ದಬ್ಬಳ, ದಾರ, ಅಂಟಿನ ಡಬ್ಬಿ, ಮರದ ಪ್ರೆಸ್ಸು, ಇಷ್ಟೇ ಅವಳ ಸಂಸಾರ. ಹೊಲಿದ ಪುಸ್ತಕ ಓದುವ ಚಟ ಅವಳಿಗಿರಲಿಲ್ಲ. ಆ ಚಟ ಹತ್ತಿಸಿದ್ದು ಅವಳದೇ ಒಂದು ಪೆದ್ದುತನ.

ಕನ್ನಡಕ್ಕೆ ಅನುವಾದವಾದ ಜಪಾನಿನ ಚಿತ್ರಕಥೆ, ಮಾಂಗಾ ಅಂತಾರಲ್ಲ ಅದು, ಬೆನ್ನು ಕಿತ್ತುಕೊಂಡು ದುರಸ್ತಿಗೆ ಬಂತು. ನೋಡಿದರೆ ಬೆನ್ನು ಬಲಗಡೆ! ‘ಅಯ್ಯೋ ಪ್ರೆಸ್ಸಿನವರೇ, ಕಣ್ಣು ಎಲ್ಲಿಟ್ಟಿದ್ರಿ?’ ಅಂತ ಬೈದುಕೊಂಡು, ಬೆನ್ನು ಕತ್ತರಿಸಿ, ಎಡಗಡೆ ಹೊಲಿದು ಗಟ್ಟಿ ರಟ್ಟು ಹಾಕಿದಳು. ಆಮೇಲೆ ತಿರುವಿ ನೋಡಿದರೆ, ಎರಡು ಪುಟಕ್ಕೆ ಹರಡಿದ್ದ ಕುದುರೆಯ ಮೂತಿ ಅದರ ಬಾಲಕ್ಕೇ ಬಂದು ತಾಗಿತ್ತು. ತನ್ನ ಬಾಲ ತಾನೇ ಮೂಸುತ್ತಿದೆ ಪಾಪದ ಪ್ರಾಣಿ! ಇದು ಬಲದಿಂದ ಎಡಕ್ಕೆ ಓದುವ ಪುಸ್ತಕ ಅಂತ ಆಗ ಹೊಳೀತು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆದರೂ ಕುದುರೆ ಎಲ್ಲಿಗೆ ಹೊರಟಿದೆ ಅಂತ ನೋಡಲೇಬೇಕು ಅನ್ನಿಸಿ, ಸಂಜೆಯವರೆಗೆ ಪೂರ್ತಿ ಓದಿದಳು. ಕೊನೆಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಂದಿನಿಂದ ಹೊಸ ಕಾಮಿಕ್ಸು, ಮಾಂಗಾ, ಚಿತ್ರಕಾದಂಬರಿ ಏನೇ ಬರಲಿ, ಮೊದಲು ಅವಳು ಓದಬೇಕು. ಓದಿದ್ದಕ್ಕೆಲ್ಲ ತನ್ನ ಅಭಿಪ್ರಾಯ ಬರೆದು ಒಳರಟ್ಟಿನ ಮೇಲೆ ಒಂದು ಚೀಟಿ ಅಂಟಿಸುವಳು. ‘ಮಾತು ಕಡಿಮೆ, ಮೌನ ಜಾಸ್ತಿ. ಅವಸರದವರು ಮುಟ್ಟಬೇಡಿ.’ ಇನ್ನೊಂದರಲ್ಲಿ, ‘ಚಿತ್ರಕಾರನಿಗೆ ಪಾದ ಬಿಡಿಸೋಕೆ ಸೋಮಾರಿತನ. ಎಲ್ಲರನ್ನೂ ಹುಲ್ಲಲ್ಲೇ ನಿಲ್ಲಿಸಿದ್ದಾನೆ. ಆದ್ರೂ ಆ ವಿಧವೆಯ ಮುಖ ನೋಡಿ, ಕ್ಷಮಿಸಿಬಿಡ್ತೀರಿ.’ ಜನ ಚೀಟಿ ಓದೋಕೇ ಬರತೊಡಗಿದರು.

“ಅತ್ತಿಗೆ, ಈ ವಯಸ್ಸಲ್ಲಿ ಮಕ್ಕಳ ಪುಸ್ತಕನಾ?” ಅಂತ ನಾದಿನಿ ಮೂಗು ಮುರಿದಳು.

“ಮಕ್ಕಳಿಗೂ ಬೇಕಂತೆ. ನನ್ನ ಹಿಂದೆ ಸಾಲಲ್ಲಿ ನಿಲ್ಲಲಿ!”

ಈ ವರ್ಷ ಲೈಬ್ರರಿಗೆ ಹೊಸ ಸಾಹೇಬರು ಬಂದರು. ಲೈಬ್ರರಿ ಅಂದರೆ ಗಂಭೀರವಾಗಿರಬೇಕು, ಚಿತ್ರದ ಕಸವೆಲ್ಲ ರದ್ದಿಗೆ ಹೋಗಬೇಕು ಅಂತ ಅವರ ಹಟ. ಆದರೆ ಒಂದು ನಿಯಮ ಅಡ್ಡ ಬಂತು. ‘ದುರಸ್ತಿಗೆ ಯೋಗ್ಯವಲ್ಲ’ ಅಂತ ಬೈಂಡರ್ ಸಹಿ ಹಾಕದೆ ಒಂದು ಪುಸ್ತಕವೂ ರದ್ದಿಗೆ ಹೋಗುವ ಹಾಗಿಲ್ಲ. ಸಾಹೇಬರು ನಲವತ್ತೆರಡು ಪುಸ್ತಕದ ಪಟ್ಟಿ ಹಿಡಿದು ಅವಳ ಕೋಣೆಗೇ ಬಂದರು.

“ಹಾಕಮ್ಮ ಸಹಿ.”

“ಎಲ್ಲಾ ಗಟ್ಟಿಮುಟ್ಟಾಗಿವೆ ಸರ್. ನನ್ನ ಕೈಯಾರೆ ಹೊಲಿದಿದ್ದೀನಿ. ಸುಳ್ಳು ಹೇಗೆ ಬರೀಲಿ?”

ಸಾಹೇಬರು ಮೇಜಿನ ಮೇಲಿದ್ದ ಪುಸ್ತಕ ತೆಗೆದು ನಡುವೆ ಬಿಡಿಸಿದರು. ಅದೇ ಕುದುರೆ! “ಇದೇನ್ರೀ ಕರ್ಮ?”

“ಅದು ನನ್ನ ತಪ್ಪು ಸರ್. ಉಲ್ಟಾ ಹೊಲಿದೆ.”

ಸಾಹೇಬರ ಮುಖ ಅರಳಿತು. “ಅಂದ್ರೆ ಲೈಬ್ರರಿ ಪುಸ್ತಕ ಕೆಡಿಸಿದ್ದು ನೀವೇ! ನೋಡಿ, ಪಟ್ಟಿಗೆ ಸಹಿ ಹಾಕಿ, ಇದನ್ನ ನಾನು ಯಾರಿಗೂ ಹೇಳಲ್ಲ. ಇಲ್ಲಾಂದ್ರೆ ಮೆಮೋ ಕೊಡ್ತೀನಿ.”

ಬೈಂಡರಕ್ಕ ಲೆಕ್ಕ ಹಾಕಿದಳು. ಮೂವತ್ತೊಂದು ವರ್ಷದಲ್ಲಿ ಒಂದು ಮೆಮೋ ಇಲ್ಲ. ನಿವೃತ್ತಿಗೆ ಇನ್ನೆರಡೇ ವರ್ಷ. ಪೆನ್ನು ಕೈಗೂ ತೆಗೆದುಕೊಂಡಳು. ಪಟ್ಟಿಯ ಮೊದಲ ಸಾಲಲ್ಲೇ ಆ ವಿಧವೆಯ ಕಥೆ ಇತ್ತು. ಸಿಟ್ಟು ನೆತ್ತಿಗೇರಿತು. ಪೆನ್ನು ಕೆಳಗಿಟ್ಟು, ಕುದುರೆ ಪುಸ್ತಕದ ರಟ್ಟು ತೆರೆದು ಅವರ ಮುಂದೆ ಹಿಡಿದಳು. ಒಳಗೆ ಅವಳದೇ ಅಕ್ಷರದ ಹಳೇ ಚೀಟಿ: ‘ಪ್ರೆಸ್ಸಿನ ತಪ್ಪಲ್ಲ. ಬೈಂಡರ್ ಪೆದ್ದಿ. ಕುದುರೆಯ ಕ್ಷಮೆ ಕೇಳಿದ್ದೇನೆ. ಕಥೆ ಮಾತ್ರ ಬಿಡಬೇಡಿ.’

“ನೀವು ಮುಚ್ಚಿಡೋದೇನು ಬಂತು ಸರ್? ಊರೆಲ್ಲ ಓದಿ ನಕ್ಕಾಗಿದೆ. ಹಿಂದೆ ತಾರೀಕಿನ ಮುದ್ರೆಗಳಿವೆ, ಎಷ್ಟು ಜನ ಒಯ್ದಿದ್ದಾರೆ ಎಣಿಸ್ಕೊಳ್ಳಿ. ಮೆಮೋ ಕೊಡಿ. ಸಹಿ ಹಾಕಲ್ಲ.”

“ಪೊಗರು ನೋಡು!” ಅಂತ ಸಾಹೇಬರು ಬಾಗಿಲು ದಡಾರನೆ ಹಾಕಿಕೊಂಡು ಹೋದರು.

ಮೂರನೇ ದಿನ ಮೆಮೋ ಬಂತು, ಎರಡು ಪುಟ. ಪಟ್ಟಿ ಸಹಿಯಿಲ್ಲದೆ ಸಾಹೇಬರ ಮೇಜಿನ ಮೇಲೇ ಉಳಿಯಿತು, ನಲವತ್ತೆರಡೂ ಕಪಾಟಿನಲ್ಲಿ ಉಳಿದವು. ಬೈಂಡರಕ್ಕ ಮೆಮೋವನ್ನು ಎರಡು ಸಲ ಓದಿದಳು. ಅಂಟು ಕಲಸಿ, ಕುದುರೆ ಪುಸ್ತಕದ ಕೊನೆಯ ರಟ್ಟಿಗೆ ನೀಟಾಗಿ ಅಂಟಿಸಿದಳು. ಪದ್ಧತಿ ಬಿಡಬಾರದಲ್ಲ, ಅದಕ್ಕೂ ಒಂದು ಚೀಟಿ ಬರೆದಳು:

‘ಚಿತ್ರ ಇಲ್ಲ. ಕಥೆ ಇಲ್ಲ. ಯಾವ ಕಡೆಯಿಂದ ಓದಿದರೂ ಅಷ್ಟೇ.’