ಹಾಡುತ್ತಲೇ ಊಟಕ್ಕೆ ಕರೆಯುತ್ತಿದ್ದ ಇಂದೂ ಮೌಶಿ

ಇಂದೂ ಮೌಶಿಗೆ ನೆಟ್ಟಗೆ ಮಾತಾಡಲು ಬರುತ್ತಿರಲಿಲ್ಲ. ಹಾಡಲು ಮಾತ್ರ ಬರುತ್ತಿತ್ತು. "ಊಟಕ್ಕ ಬರ್ರೋ" ಎನ್ನುವುದಕ್ಕೂ ಒಂದು ಆಲಾಪ, ಕೊನೆಗೊಂದು ತಾನ. ಅನ್ನ ಆರಿ ತಣ್ಣಗಾದರೂ ಕರೆಯುವುದು ಮುಗಿಯುತ್ತಿರಲಿಲ್ಲ. ಸರಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದಾಗ ಸೂಜಿ ಮಾಡುವಾಗಲೂ ಹಾಡುತ್ತಿದ್ದರಂತೆ. ಪಾಪ, ರೋಗಿಗಳು ಯಾವುದಕ್ಕೆ ಅತ್ತರೋ ಏನೋ.

ಅವರು ಖಾನಾಪುರ ತಾಲೂಕಿನ ಬೀಡಿ ಎಂಬ ಊರಿನವರು. ತಂದೆ ನಾಟಕ ಕಂಪನಿಯಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುತ್ತಿದ್ದರು. ಆ ಪೇಟಿಯೂ ಆ ಹುಚ್ಚೂ ಮಗಳಿಗೆ ಬಂದಿದ್ದವು. ನಿವೃತ್ತಿಯ ನಂತರ ಅನಗೋಳದಲ್ಲಿ ನಮ್ಮ ಬಾಜೂ ಮನೆ ಹಿಡಿದು, ಓಣಿಗೆಲ್ಲ ಚಿಕ್ಕಮ್ಮನಾಗಿ 'ಮೌಶಿ' ಎನಿಸಿಕೊಂಡು, ಸಣ್ಣ ಮಕ್ಕಳನ್ನು ಕೂಡಿಸಿ ಸಂಗೀತ ನಾಟಕ ಕಲಿಸತೊಡಗಿದರು. ಅದೇ ಊರಿನ ಸದಾಶಿವನಗರದ ಆಫೀಸಿನಿಂದ ನಾನು ಬರುವವರೆಗೆ ನನ್ನ ಮಗಳು ನಿಧಿ ಅವರಲ್ಲೇ ಇರುತ್ತಿದ್ದಳು.

ನಿಧಿಯದೇ ನನಗೆ ಚಿಂತೆ. ಆರು ವರ್ಷ. ಮನೆಯಲ್ಲಿ ಅರಳು ಹುರಿದಂತೆ ಮಾತು. ಹೊಸಿಲು ದಾಟಿದರೆ ತುಟಿ ಪಿಟಕ್ ಎನ್ನುತ್ತಿರಲಿಲ್ಲ. ಶಾಲೆಯಲ್ಲಿ ವರ್ಷವಿಡೀ ಹಾಜರಿಗೆ ಕೈ ಮಾತ್ರ ಎತ್ತಿದ್ದಳು. ಡಾಕ್ಟರಿಗೆ ತೋರಿಸಿ ಎಂದು ಟೀಚರ್ ಹೇಳಿದ ದಿನ ಮೌಶಿಯ ಅಡುಗೆಮನೆಯಲ್ಲಿ ಕೂತು ಅತ್ತಿದ್ದೆ.

ಮುಂದಿನ ನಾಟಕದಲ್ಲಿ ಮೌಶಿ ಅವಳಿಗೆ ಸತ್ತ ರಾಜನ ಪಾತ್ರ ಕೊಟ್ಟರು.

"ಹೆಣದ ಪಾರ್ಟೇನ್ರಿ ಮೌಶಿ?" ಎಂದೆ. ನನಗೆ ಸಿಟ್ಟೇ ಬಂದಿತ್ತು.

"ಹೂಂ ಮತ್ತ. ಮೊದಲ ಮಂದಿ ಮುಂದ ಮಲಗಾಕ ಕಲೀಲಿ, ಸವಿತಾ. ನಿಂದ್ರೂದು ಆಮ್ಯಾಲ ನೋಡೂಣು."

ತಾಲೀಮಿನಲ್ಲಿ ಅವರದು ಒಂದೇ ಕಟ್ಟಳೆ. ಹಾಡು ಮೆಚ್ಚಿ ಪ್ರೇಕ್ಷಕರು 'ವನ್ಸ್ ಮೋರ್' ಎಂದು ಕೂಗಿದರೆ ಮತ್ತೆ ಹಾಡಲೇಬೇಕು. "ನಮ್ಮ ಅಪ್ಪನ ಕಂಪನಿಯೊಳಗ ಸತ್ತಾಂವ ಎದ್ದು ಹಾಡಿ ಮತ್ತ ಸಾಯ್ತಿದ್ದ. ಮಂದಿ ಕೇಳಿದ ಮ್ಯಾಲ ಇಲ್ಲ ಅನ್ನಬಾರದು!" ಮಕ್ಕಳಿಗೆ ಅದು ವೇದವಾಕ್ಯವಾಗಿತ್ತು.

ಪ್ರಯೋಗ ನಡೆದದ್ದು ಖಾನಾಪುರದ ಒಂದು ಸಭಾಗೃಹದಲ್ಲಿ. ನಿಧಿ ರಟ್ಟಿನ ಕಿರೀಟ ಇಟ್ಟುಕೊಂಡು ಚೊಕ್ಕವಾಗಿ ಸತ್ತು ಮಲಗಿದಳು. ರಾಣಿಯಾಗಿದ್ದ ಎಂಟು ವರ್ಷದ ಹುಡುಗಿ "ಎಲ್ಲಿ ಹೋದಿರಿ ನನ್ನ ದೊರೆಯೇ" ಎಂದು ಗೋಳಾಡುತ್ತ ಹಾಡಿದಳು. ಹಿಂದಿನ ಸಾಲಿನಿಂದ ಯಾರೋ ಹಿರಿಯರು "ವನ್ಸ್ ಮೋರ್!" ಎಂದರು, ಸಭೆಯೆಲ್ಲ ದನಿಗೂಡಿಸಿತು. ಆ ಗದ್ದಲಕ್ಕೆ ಹೆದರಿದ ರಾಣಿ ಒಳಗೆ ಓಡಿಬಿಟ್ಟಳು.

ಆಗ ರಾಜ ಎದ್ದು ಕೂತ. ಕಿರೀಟ ಸರಿಮಾಡಿಕೊಂಡು, ಜನರನ್ನೊಮ್ಮೆ ನೋಡಿ, ತಾನೇ ಶುರುಮಾಡಿದ: "ಎಲ್ಲಿ ಹೋದಿರಿ ನನ್ನ ದೊರೆಯೇ!"

ಜನ ಬಿದ್ದು ಬಿದ್ದು ನಕ್ಕರು. ನಿಧಿ ನಿಲ್ಲಿಸಲಿಲ್ಲ. ಮೌಶಿಯ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. ಅವಳ ದನಿಗೆ ಶ್ರುತಿ ಬದಲಿಸಿಕೊಂಡು ಪೇಟಿ ನುಡಿಸುತ್ತಲೇ ಹೋದರು. ಎರಡು ನುಡಿ ಪೂರ್ತಿ ಹಾಡಿ ನನ್ನ ಮಗಳು ಮತ್ತೆ ಸತ್ತಳು. ನಗಬೇಕೋ ಅಳಬೇಕೋ ತಿಳಿಯದೆ ನಾನು ಎರಡನ್ನೂ ಮಾಡಿದೆ. ವರ್ಷಗಳಿಂದ ಎದೆಯ ಮೇಲಿದ್ದ ಭಾರ ಅಂದು ಇಳಿಯಿತು.

ಮರುದಿನವೇ ಶಾಲೆಯಲ್ಲಿ ಭಾಷಣ ಬಿಗಿದಳು ಅಂತಲ್ಲ. ಮೊದಲು ಹಾಜರಿಗೆ "ಎಸ್ ಟೀಚರ್". ತಿಂಗಳ ನಂತರ "ನೀರು ಕುಡೀಲೇನ್ರಿ?" ಹೀಗೆ ಚೂರುಚೂರಾಗಿ ದನಿ ಹೊರಗೆ ಬಂತು.

ಕಳೆದ ವರ್ಷ ಮೊಣಕಾಲು ನೋವು ಹೆಚ್ಚಾಗಿ ಮೌಶಿ ಬೀಡಿಗೆ, ತಮ್ಮನ ಮನೆಗೆ ಹೋದರು. ಕೊನೆಯ ಸಲ ನೋಡಲು ಹೋದಾಗ ನಿಧಿ ಎರಡು ತಾಸು ಒಂದೇ ಸಮನೆ ಮಾತಾಡಿದಳು. "ಸಾಕು, ಸುಮ್ಮನ ಕುಂದರ ಇನ್ನ" ಎಂದು ಗದರಿದೆ. ಮೌಶಿ ನನ್ನ ಮೇಲೇ ಹರಿಹಾಯ್ದರು: "ಏ ಸವಿತಾ, ಆ ಮಾತು ಆಡಬ್ಯಾಡ. ಇದನ್ನ ಕೇಳಾಕ ನಾವು ಎಷ್ಟ ದಿನಾ ಕಾದೇವಿ!"

ಎರಡು ತಿಂಗಳಲ್ಲಿ ಮೌಶಿ ಹೋದ ಸುದ್ದಿ ಬಂತು. ಬೆಳಿಗ್ಗೆ ನಿಧಿಗೆ ಹೇಳಿಯೇ ಶಾಲೆಗೆ ಕಳಿಸಿದ್ದೆ. ಸಂಜೆ ಟೀಚರ್ ಫೋನ್ ಮಾಡಿದರು. ಯಾಕೆ ಅಳುತ್ತೀ ಎಂದು ಕ್ಲಾಸಿನಲ್ಲಿ ಕೇಳಿದ್ದಕ್ಕೆ ಇವಳು ಎಲ್ಲರೆದುರು ಎದ್ದು ನಿಂತು, "ನಮ್ಮ ಇಂದೂ ಮೌಶಿ ತೀರ್ಕೊಂಡ್ರು ಟೀಚರ್. ಅವರ ಬಗ್ಗೆ ನಾ ಹೇಳ್ಲೇನ್ರಿ?" ಎಂದಳಂತೆ. ಪಾಠ ಬಿಟ್ಟು, ಆ ಪಿರಿಯಡ್ ಪೂರ್ತಿ ಅವಳೇ ಮಾತಾಡಿದಳಂತೆ.